ಪೇಶಂಟಿಗೆ ತಿಳಿಸಿ ಹೇಳೋ ಸ್ಟಾಫಿಗೆ ಸನ್ಮಾನ: ವಿಜಯಪುರದ ಒಂದು ದವಾಖಾನಿಯೊಳಗ ಏನೇನಾತು

ಇದು ವಿಜಯಪುರ ನಗರದ ಒಂದು ಖಾಸಗಿ ದವಾಖಾನಿ ಪ್ರಕರಣ. ದವಾಖಾನಿ ಹೆಸರು ಹಾಕಿಲ್ಲ, ಡಾಕ್ಟ್ರು, ಸಿಸ್ಟರ್, ಪೇಶಂಟ್ ಯಾರ ಹೆಸರೂ ಇಲ್ಲ, ಕೆಲವರ ಊರು ವಯಸ್ಸು ಬದಲಿ ಮಾಡೀನಿ, ಗುರುತು ಹತ್ತಬಾರ್ದು ಅಂತ. ನಾನು ಆ ಹೊತ್ತಿನ್ಯಾಗ ಅಲ್ಲೇ ಕ್ವಾಲಿಟಿ ವಿಭಾಗದಾಗ ಕೆಲಸ ಮಾಡ್ತಿದ್ದೆ, ಮೀಟಿಂಗ್‌ನ್ಯಾಗ ಕೂತಿದ್ದೆ, ಫೈಲ್ ನೋಡೀನಿ. ಬರಿಯೂ ಕಾರಣ ಇಷ್ಟ. ಪೇಶಂಟಿಗೆ ರೋಗದ ಬಗ್ಗೆ, ಔಷಧದ ಬಗ್ಗೆ ತಿಳಿಸಿ ಹೇಳೋ ಸ್ಟಾಫನ್ನ ಗೌರವಿಸಬೇಕು ಅಂತ ಈಗ ಭಾಳ ದವಾಖಾನಿಯವ್ರು ಹೊಂಟಾರ, ಛಲೋ ಮಾತು, ಆದ್ರ ನಾವು ಯಾವುದಕ್ಕ ಚಪ್ಪಾಳಿ ಹೊಡಿತೀವಿ ಅನ್ನೂದರ ಮ್ಯಾಲೆ ಸ್ಟಾಫ್ ಮರುದಿನ ವಾರ್ಡಿನ್ಯಾಗ ಏನ್ ಮಾಡ್ತಾರ ಅನ್ನೂದು ನಿಂತಿರ್ತದ, ಇದನ್ನ ಇಲ್ಲಿ ಕಣ್ಣಾರೆ ನೋಡಿದ್ವಿ.

ಹಿನ್ನೆಲೆ

ನೂರು ಹಾಸಿಗಿಗಿಂತ ಸ್ವಲ್ಪ ಹೆಚ್ಚಿರೋ ದವಾಖಾನಿ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ತಾಳಿಕೋಟಿ ಕಡಿಂದ ಪೇಶಂಟ್ ಬರ್ತಾರ, ಗಡಿ ದಾಟಿ ಜತ್ತ, ಅಕ್ಕಲಕೋಟ ಕಡಿಯವ್ರೂ ಬರ್ತಾರ. ಒಂದ ವಾರ್ಡಿನ್ಯಾಗ ಕನ್ನಡ, ದಖ್ಖನಿ ಉರ್ದು, ಮರಾಠಿ, ಲಂಬಾಣಿ ನಾಕೂ ಭಾಷಿ ಕೇಳ್ತಾವ. ತಾಂಡಾದಿಂದ ಬರೋ ಮುದುಕ್ಯಾರಿಗೆ ಎಷ್ಟೋ ಸಲ ಕನ್ನಡ ಅರ್ಧಂಬರ್ಧ ಬರ್ತದ, ದವಾಖಾನಿ ಕನ್ನಡ ಅಂತೂ ಬರೂದೇ ಇಲ್ಲ. ಮತ್ತ ಭಾಳ ಮಂದಿ ಕಬ್ಬಿನ ಸೀಜನ್ ಬಂತಂದ್ರ ಗ್ಯಾಂಗ್ ಜೋಡಿ ಮಹಾರಾಷ್ಟ್ರಕ್ಕ ಹೋಗಿಬಿಡ್ತಾರ, "ಹದಿನೈದ ದಿನ ಬಿಟ್ಟ ಬರ್ರಿ" ಅಂದ್ರ ಬರೂದು ನಾಕ ತಿಂಗಳ ಬಿಟ್ಟ ಮ್ಯಾಲೆ. ಅಂದ್ರ ಡಿಸ್ಚಾರ್ಜ್ ಆಗೂ ಮುಂಚೆ ಏನ್ ಹೇಳಿರ್ತೀವೋ ಅದ ಆಖರಿ.

ಆವಾಗ ಎನ್‌ಎಬಿಎಚ್ (ದವಾಖಾನಿಗಳ ಗುಣಮಟ್ಟ ನೋಡಿ ಮಾನ್ಯತಾ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತಾ ತಯಾರಿ ನಡೆದಿತ್ತು. ಅದರ ಮಾನದಂಡದಾಗ ಪೇಶಂಟ್ ಹಕ್ಕು ಮತ್ತ ಶಿಕ್ಷಣ ಅಂತ ಒಂದು ಅಧ್ಯಾಯನ ಅದ, ಔಷಧ, ಊಟ, ಸೋಂಕು ತಡಿಯೂದು ಇವನ್ನೆಲ್ಲ ಪೇಶಂಟಿಗೂ ಮನಿ ಮಂದಿಗೂ ಅವರಿಗೆ ತಿಳಿಯೋ ಭಾಷಾದಾಗ ಹೇಳಬೇಕು ಅಂತ. ಅದಕ್ಕ ನಾವು ಒಂದು ಫಾರ್ಮ್ ಮಾಡಿದ್ವಿ. ಔಷಧ ಹೇಳೀವಿ, ಟಿಕ್. ಊಟ ಹೇಳೀವಿ, ಟಿಕ್. ಕೆಳಗ ಸಿಸ್ಟರ್ ಸಹಿ, ಪೇಶಂಟ್ ಸಹಿ ಇಲ್ಲಂದ್ರ ಹೆಬ್ಬಟ್ಟು. ಫಾರ್ಮ್ ಎಲ್ಲಾ ಫೈಲಿನ್ಯಾಗೂ ತುಂಬಿರ್ತಿತ್ತು, ಆಡಿಟ್ ಮಾಡಿದ್ರ ನೂರಕ್ಕ ನೂರು.

ಮೊದಲ್ನೇ ವರ್ಷದ ಕಾರ್ಯಕ್ರಮ

ನವೆಂಬರ್ 14 ವಿಶ್ವ ಮಧುಮೇಹ ದಿನ, ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ. ಆ ವಾರನ ನಮ್ಮ ಪೇಶಂಟ್ ಎಜುಕೇಶನ್ ವಾರ ಅಂತ ಮಾಡೂಣು ಅಂತ ಮ್ಯಾನೇಜ್‌ಮೆಂಟ್ ತೀರ್ಮಾನ ಮಾಡ್ತು. ಪೋಸ್ಟರ್ ಸ್ಪರ್ಧೆ, ರಂಗೋಲಿ, ಕ್ವಿಜ್, ಕಡೀಕ ಹಾಲ್‌ನ್ಯಾಗ ಸಭಾ. ಅತಿಥಿಗಳು ಬಂದ್ರು, ಶಾಲು, ಹಾರ, ಹಣ್ಣಿನ ಬುಟ್ಟಿ ಆತು, ಗೆದ್ದವರಿಗೆ ಕಪ್ ಕೊಟ್ರು. ಮೊದಲ್ನೇ ಬಹುಮಾನ ಬಂದದ್ದು ಸಕ್ಕರಿ ಕಾಯಿಲೆ ಬಗ್ಗೆ ಮಾಡಿದ ಪೋಸ್ಟರಿಗೆ, ಅದು ಖರೇನ ಚಂದ ಇತ್ತು, ಮಾಡಿದ ಹುಡಗ್ಯಾರು ಕಷ್ಟಪಟ್ಟಿದ್ರು, ಅದರಾಗ ಎರಡ ಮಾತಿಲ್ಲ.

ಆದ್ರ ಆ ಸಭಾಕ್ಕ ಯಾರು ಬಂದಿದ್ರು ಅಂತ ನೋಡ್ರಿ. ಡ್ಯೂಟಿ ಇದ್ದೋರು ಬರಾಕ ಆಗ್ಲಿಲ್ಲ. ದಿನಾ ಪೇಶಂಟ್ ಮುಂದ ನಿಂತು ಹೇಳೋರು, ಮೆಡಿಕಲ್ ವಾರ್ಡಿನ ಹಳೆ ಸಿಸ್ಟರ್‌ಗಳು, ಫಾರ್ಮಸಿ ಕೌಂಟರಿನ ಹುಡುಗ, ಡಯಾಲಿಸಿಸ್ ಟೆಕ್ನಿಶಿಯನ್, ಇವರ್ಯಾರೂ ಹಾಲ್‌ನ್ಯಾಗ ಇರ್ಲಿಲ್ಲ. ಮರುದಿನ ಹ್ಯಾಂಡೋವರ್ ಹೊತ್ತಿನ್ಯಾಗ ಒಬ್ಬ ಹಿರಿ ಸಿಸ್ಟರ್ ಮೆತ್ತಗ ಒಂದು ಮಾತು ಅಂದ್ರು: "ನಾವು ಹೇಳೂದು ಪೇಶಂಟಿಗೆ, ಕಪ್ ಹೋಗೂದು ಗ್ವಾಡಿಗೆ." ಸಿಟ್ಟಿನ್ಯಾಗ ಅಂದದ್ದಲ್ಲ. ಆದ್ರ ಆ ಮಾತು ಮುಂದ ಭಾಳ ಕಡೆ ಕೇಳಿಬಂತು.

ತಿರುಗಿ ಬಂದ ಪೇಶಂಟ್

ಅದ ವಾರ ಒಬ್ಬ ರೈತನ್ನ ಡಿಸ್ಚಾರ್ಜ್ ಮಾಡಿದ್ವಿ. ಐವತ್ತು ದಾಟಿದ ಮನಷ್ಯಾ, ನಿಂಬಿ ತ್ವಾಟ ಇದ್ದೋರು, ಕಾಲಿಗೆ ಆದ ಗಾಯ ಮಾಯಲಿಲ್ಲ ಅಂತ ಬಂದಿದ್ರು, ಆವಾಗ ಸಕ್ಕರಿ ಭಾಳ ಮ್ಯಾಲೆ ಇದ್ದದ್ದು ಗೊತ್ತಾತು, ಹೊಸದಾಗಿ ಇನ್ಸುಲಿನ್ ಚಾಲೂ ಮಾಡಿದ್ರು. ಮನಿಗೆ ಹೋಗಿ ಸ್ವಲ್ಪ ದಿನಕ್ಕ ಮತ್ತ ಬಂದ್ರು, ಸಕ್ಕರಿ ಮತ್ತ ಮ್ಯಾಲೆ, ಗಾಯ ಮೊದಲಿಗಿಂತ ಕೆಟ್ಟಿತ್ತು. ಫೈಲ್ ತಗದ ನೋಡಿದ್ರ ಎಜುಕೇಶನ್ ಫಾರ್ಮ್ ಪೂರ್ತಿ ತುಂಬೇದ, ಎಲ್ಲಾ ಟಿಕ್, ಹೆಬ್ಬಟ್ಟು ಸೈತ ಅದ.

ನರ್ಸಿಂಗ್ ಸುಪರಿಂಟೆಂಡೆಂಟ್ ಮೇಡಂ ತಾವ ಹೋಗಿ ಹಾಸಿಗಿ ಬಾಜೂಕ ಕೂತು ಕೇಳಿದ್ರು. "ಕಾಕಾ, ಸೂಜಿ ತಪ್ಪಿಸಿದ್ರೇನು?" ಅಂದ್ರ, "ಒಂದ ದಿನಾನೂ ತಪ್ಪಿಸಿಲ್ಲವ್ವಾ, ದೇವ್ರಾಣಿ" ಅಂದ್ರು. "ಮತ್ತ ಸಿಸ್ಟರ್ ಏನ್ ಹೇಳಿದ್ರು ನೆನಪದ ಏನು?" ಅಂದ್ರ, "ಎಲ್ಲಾ ಛಲೋ ಹೇಳಿದ್ರು, ಪಾಪ ಭಾಳ ಛಲೋ ಹುಡುಗಿ" ಅಂದ್ರು. ಇಷ್ಟಕ್ಕ ಬಿಟ್ಟಿದ್ರ ಕಾರಣ ಗೊತ್ತಾಗ್ತಿರ್ಲಿಲ್ಲ. ಮೇಡಂ, "ಹ್ಯಾಂಗ ತೊಗೋತೀರಿ, ನನಗ ಮಾಡಿ ತೋರಸ್ರಿ" ಅಂದ್ರು. ಆವಾಗ ಅವರು ಅಂದದ್ದು: "ನನಗ ಕಣ್ಣು ಮಂಜವ್ವಾ, ನಾ ಎಲ್ಲಿ ಮಾಡ್ಲಿ, ನಮ್ಮ ಸೊಸಿ ಮಾಡ್ತಾಳ."

ಸೊಸಿನ್ನ ಕರದ್ರು. ಆಕಿ ಚೀಲದಾಗಿಂದ ಬಾಟ್ಲಿ, ಸಿರಿಂಜ್ ತಗದು ಮಾಡಿ ತೋರಿಸಿದಳು. ಕೈ ನಡುಗೂದಿಲ್ಲ ಏನಿಲ್ಲ, ನೀಟಾಗಿ ಮಾಡಿದಳು. ಆದ್ರ ಸಿರಿಂಜಿನ ಟೊಪ್ಪಿಗಿ ಕೇಸರಿ ಬಣ್ಣದ್ದು.

ಇದು ತಿಳಿಯದವ್ರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದಾಗ ಬಾಟ್ಲಿಯೊಳಗ ಬರೋ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ನ್ಯಾಗ 40 ಯೂನಿಟ್ ಇರೋದು, ಅದಕ್ಕ 40ರ ಸಿರಿಂಜ್, ಟೊಪ್ಪಿಗಿ ಕೆಂಪು. ಪೆನ್ ನಮೂನಿ ಇರೋ ಇನ್ಸುಲಿನ್ ಸೂಜಿಗೆ ಹಾಕೂದು ಎಂಎಲ್‌ಗೆ 100 ಯೂನಿಟ್. 100ರ ಸಿರಿಂಜೂ ಮಾರ್ಕೆಟ್‌ನ್ಯಾಗ ಸಿಗ್ತದ, ಅದರ ಟೊಪ್ಪಿಗಿ ಕೇಸರಿ. 40ರ ಬಾಟ್ಲಿಯಿಂದ 100ರ ಸಿರಿಂಜಿನ್ಯಾಗ 20ರ ಗೆರಿ ತನ ಎಳದ್ರ ಒಳಗ ಬರೋದು 0.2 ಎಂಎಲ್, ಅಂದ್ರ ಬರೇ 8 ಯೂನಿಟ್. ಇದರ ಉಲ್ಟಾ ಆದ್ರ ಇನ್ನೂ ಕೆಟ್ಟದ್ದು, 100ರ ಇನ್ಸುಲಿನ್ನನ್ನ 40ರ ಸಿರಿಂಜಿನ್ಯಾಗ 20ರ ಗೆರಿಗೆ ಎಳದ್ರ 50 ಯೂನಿಟ್ ಹೋಗಿಬಿಡ್ತದ, ಸಕ್ಕರಿ ಒಮ್ಮೆಲೆ ಇಳಿದು ಜೀವಕ್ಕ ಕುತ್ತು. ನಮ್ಮ ದವಾಖಾನಿಯಿಂದ ಕೊಟ್ಟ ಕೆಂಪು ಟೊಪ್ಪಿಗಿ ಸಿರಿಂಜ್ ಮುಗದಿದ್ವು, ಊರಾಗಿನ ಅಂಗಡಿಯೊಳಗ ಕೇಳಿದಾಗ ಇದನ್ನ ಕೊಟ್ಟಿದ್ರು, ನೋಡಾಕ ಎರಡೂ ಒಂದ ನಮೂನಿ, ಆಕಿ ಅದ ಗೆರಿ ತನ ಎಳೀತಿದ್ದಳು. ಆಕಿಗೆ ಯಾರೂ ಹೇಳಿರ್ಲಿಲ್ಲ. ಡಿಸ್ಚಾರ್ಜ್ ದಿನ ಸಿಸ್ಟರ್ ಹೇಳೋ ಹೊತ್ತಿನ್ಯಾಗ ಆಕಿ ಬಿಲ್ಲಿಂಗ್ ಕೌಂಟರಿನ ಪಾಳೇದಾಗ ನಿಂತಿದ್ದಳು, ಒಳಗ ಮಾವನವ್ರು ತಲಿ ಅಲ್ಲಾಡಿಸಿ ಹೆಬ್ಬಟ್ಟು ಒತ್ತಿದ್ರು.

ಮೆಮೋ ಕೊಡೂದೋ ಬ್ಯಾಡೋ

ಇಲ್ಲಿ ಮೊದಲ್ನೇ ತಿರುವು ಬಂತು. ಆಡಳಿತದವ್ರು ಸಹಿ ಮಾಡಿದ ಸಿಸ್ಟರ್‌ಗೆ ಮೆಮೋ ಕೊಡೂಣು ಅಂದ್ರು. ಅವರ ವಾದಾನೂ ತಳ್ಳಿಹಾಕೂ ಹಂಗಿರ್ಲಿಲ್ಲ, ಹೇಳೀವಿ ಅಂತ ಸಹಿ ಮಾಡಿ ಪೇಶಂಟಿಗೆ ಗೊತ್ತ ಇಲ್ಲ ಅಂದ್ರ ಅದು ಸಣ್ಣ ಮಾತಲ್ಲ. ಮೇಡಂ ಒಪ್ಪಲಿಲ್ಲ. ಆ ಸಿಸ್ಟರನ್ನ ಕರದು ಆ ದಿನದ್ದು ಗಂಟಿ ಗಂಟಿ ಲೆಕ್ಕ ಕೇಳಿದ್ರು, ಬೈಯ್ಯಾಕಲ್ಲ, ತಿಳ್ಕೋಳಾಕ. ಇನ್ಶೂರೆನ್ಸ್ ಅಪ್ರೂವಲ್ ಬಂದದ್ದು ಸಂಜಿ ಮುಂದ, ಅದ ಹೊತ್ತಿಗೆ ಇನ್ನೂ ನಾಕೈದು ಡಿಸ್ಚಾರ್ಜ್, ಹೊಸ ಅಡ್ಮಿಶನ್ ಎರಡು, ಊರಿಂದ ಬಂದ ಗಾಡಿಯವ್ರು ಕೆಳಗ ಹಾರ್ನ್ ಹೊಡಿಯಾಕತ್ತಾರ, ಮನಿ ಮಂದಿ ಅವಸರ ಮಾಡಾಕತ್ತಾರ, ಆಕಿ ನಿಂತ ನಿಂತಲ್ಲೇ ಹೇಳಿ ಮುಗಿಸಿದ್ದಳು. ಎಲ್ಲಾ ಸರಿಯಾಗೇ ಹೇಳಿದ್ದಳು, ಕೆಂಪು ಟೊಪ್ಪಿಗಿ ಮಾತೂ ಹೇಳಿದ್ದಳು.

ಮೇಡಂ ಮೀಟಿಂಗ್‌ನ್ಯಾಗ ಅಂದ ಮಾತು ನನಗ ಇನ್ನೂ ಕಿವಿಯೊಳಗ ಅದ: "ಮೆಮೋ ಕೊಟ್ರ ನಾಳಿಂದ ಎಲ್ಲಾರೂ ಸಹಿ ಇನ್ನೂ ಚಂದ ಮಾಡ್ತಾರ, ಹೇಳೂದು ಒಂದ ಮಾತೂ ಹೆಚ್ಚಾಗೂದಿಲ್ಲ." ವಿಶ್ವ ಆರೋಗ್ಯ ಸಂಸ್ಥೆ 2003ರಾಗ ತಂದ ವರದಿಯನ್ನೂ ಮುಂದಿಟ್ರು, ದೀರ್ಘಕಾಲದ ರೋಗ ಇದ್ದೋರೊಳಗ ಬರದುಕೊಟ್ಟ ಚಿಕಿತ್ಸಾ ಸರಿಯಾಗಿ ಪಾಲಿಸೋರು ಶ್ರೀಮಂತ ದೇಶದಾಗೂ ಸರಾಸರಿ ಅರ್ಧದಷ್ಟ ಅಂತ ಅದರಾಗ ಅದ, ಅಂದ ಮ್ಯಾಲೆ ಇದು ಒಬ್ಬ ಸಿಸ್ಟರಿನ ತಪ್ಪಲ್ಲ, ಹೇಳಿದ್ದು ಮನಿಗೆ ಮುಟ್ಟೇದೋ ಇಲ್ಲೋ ನೋಡೂ ವ್ಯವಸ್ಥಾನ ನಮ್ಮಲ್ಲಿ ಇಲ್ಲ ಅಂದ್ರು. ಮಾಸ್ತರು ಪಾಠ ಹೇಳಿ ಮುಗಿಸಿದ್ದಕ್ಕ ಮಾರ್ಕ್ಸ್ ಕೊಟ್ಟು ಹುಡುಗರ ಪರೀಕ್ಷಾನ ಮಾಡದಂಗ ನಡದಿತ್ತು ನಮ್ಮ ಫಾರ್ಮ್.

ಮೆಮೋ ಕೊಡಲಿಲ್ಲ. ನನ್ನ ಲೆಕ್ಕಕ್ಕ ಇಡೀ ಪ್ರಕರಣದಾಗ ಎಲ್ಲಾಕಿಂತ ದೊಡ್ಡ ನಿರ್ಧಾರ ಇದ. ಯಾಕಂದ್ರ ಮುಂದ ಸಿಸ್ಟರ್‌ಗಳು "ಇವತ್ತ ಪೇಶಂಟಿಗೆ ತಿಳೀಲಿಲ್ಲ" ಅಂತ ಧೈರ್ಯದಿಂದ ಬರಿಯಾಕ ಶುರು ಮಾಡಿದ್ದು ಈ ಒಂದು ಕಾರಣಕ್ಕ.

ಏನೇನ್ ಮಾಡಿ ನೋಡಿದ್ವಿ

ಮೊದಲ್ನೇದು ಒಂದು ರಜಿಸ್ಟರ್. ಟ್ರೇನಿಂಗ್‌ನ್ಯಾಗ ಟೀಚ್ ಬ್ಯಾಕ್ ಅಂತ ಕಲಸ್ತಾರಲ್ಲ, ಹೇಳಿದ್ದನ್ನ ಪೇಶಂಟ್ ಬಾಯಿಂದ ತಿರುಗಿ ಹೇಳ್ಸೂದು, ಅದ. ಆದ್ರ ನಾವು ಒಂದು ಬದಲಾವಣಿ ಮಾಡಿದ್ವಿ, ಹೇಳಿದ ಸಿಸ್ಟರ ಕೇಳೂ ಹಂಗಿಲ್ಲ, ಮುಂದಿನ ಶಿಫ್ಟಿನಾಕಿ ಕೇಳಬೇಕು. ಪೇಶಂಟ್ ಹೇಳಿದ್ದನ್ನ ಅವರ ಮಾತಿನ್ಯಾಗ ಹಂಗ ಬರಿಬೇಕು, ತಿದ್ದೂ ಹಂಗಿಲ್ಲ. ಮತ್ತ ಮೊದಲ್ನೇ ಕಾಲಂ ಏನಂದ್ರ "ಮನ್ಯಾಗ ಈ ಕೆಲಸ ಮಾಡೋರು ಯಾರು?" ಸೊಸಿ ಅಂತಿದ್ರ ಸೊಸಿನ ಮಾಡಿ ತೋರಿಸಬೇಕು, ಮಗ ಅಂತಿದ್ರ ಮಗ. ಈ ಕಾಲಂ ಹಾಕಿದ ಮ್ಯಾಲೆ ಗೊತ್ತಾದದ್ದು, ಗಂಡಸು ಪೇಶಂಟ್‌ಗಳೊಳಗ ಭಾಳ ಮಂದಿಗೆ ಮನ್ಯಾಗ ಗುಳಿಗಿ ಎಣಿಸಿ ಕೊಡೋರು, ಸೂಜಿ ಮಾಡೋರು, ರೊಟ್ಟಿ ಅಳತಿ ಮಾಡೋರು ಹೆಣಮಕ್ಕಳು, ನಾವು ಅಷ್ಟ ದಿನ ಹೇಳಿದ್ದು ಮಾತ್ರ ಹಾಸಿಗಿ ಮ್ಯಾಲೆ ಮಲಗಿದವ್ರಿಗೆ, ಇಲ್ಲಂದ್ರ ಕೌಂಟರಿಗೆ ಓಡಾಡೋ ಗಂಡಮಕ್ಕಳಿಗೆ.

ರಜಿಸ್ಟರಿನ್ಯಾಗ ಬಂದ ಮಾತುಗಳು ಓದಬೇಕ್ರಿ. "ಓಆರ್‌ಎಸ್ ಪುಡಿ ಸ್ವಲ್ಪ ಸ್ವಲ್ಪ ಗ್ಲಾಸಿಗೆ ಹಾಕಿ ಕುಡಸ್ತೀನಿ" ಅಂತ ಒಬ್ಬ ತಾಯಿ, ಖರೇ ಅಂದ್ರ ಇಡೀ ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ ಒಮ್ಮೆಲೆ ಹಾಕಬೇಕು, 24 ತಾಸಿನ್ಯಾಗ ಮುಗೀಲಿಲ್ಲಂದ್ರ ಚೆಲ್ಲಬೇಕು. "ಸೂಜಿ ಬಾಟ್ಲಿ ತಣ್ಣಗ ಇರಬೇಕು ಅಂದ್ರಲ್ಲ, ಬರ್ಫದ ಖಾನೇದಾಗ ಇಡ್ತೀನಿ" ಅಂತ ಒಬ್ರು, ಬರ್ಫ ಆತಂದ್ರ ಇನ್ಸುಲಿನ್ ಕೆಟ್ಟು ಹೋಗ್ತದ, ಫ್ರಿಜ್ಜಿನ್ಯಾಗ ಇಟ್ರ ಅದು 2ರಿಂದ 8 ಡಿಗ್ರಿಯೊಳಗ ಇರಬೇಕು. ಇನ್ನೊಬ್ರು ಮನ್ಯಾಗ ಫ್ರಿಜ್ ಇಲ್ಲ, ಕರೆಂಟ್ ಇರೂದಿಲ್ಲ ಅಂತ ಮೊದಲ್ನೇ ಸಲ ಬಾಯಿ ಬಿಟ್ಟು ಹೇಳಿದ್ರು. ವಿಜಯಪುರದ ಬ್ಯಾಸಿಗಿ 40 ಡಿಗ್ರಿ ದಾಟ್ತದ, ಅಂಥಲ್ಲಿ ಪತ್ರಾಸಿನ ಮನ್ಯಾಗ ಇನ್ಸುಲಿನ್ ಉಳಿಯೂದು ಹ್ಯಾಂಗ? ಅವರಿಗೆ ದೊಡ್ಡ ಗಡಿಗ್ಯಾಗ ನೀರು ಹಾಕಿ ಅದರಾಗ ಸಣ್ಣ ಗಡಿಗಿ ಇಟ್ಟು, ಒಳಗ ಬಾಟ್ಲಿ ಡಬ್ಬಿ ಇಡೂದು ಹೇಳಿಕೊಟ್ಟದ್ದು ಡಯಟಿಷಿಯನ್ ಮೇಡಂ.

ಎರಡನೇದು, ನಗದು ಬಹುಮಾನ. ರಜಿಸ್ಟರ್ ಚೆನ್ನಾಗಿ ನಡದದ ಅಂತ ಖುಷಿಯಾಗಿ ಮ್ಯಾನೇಜ್‌ಮೆಂಟಿನವ್ರು ತಿಂಗಳಿಗೆ ಅತಿ ಹೆಚ್ಚು ಎಂಟ್ರಿ ಮಾಡಿದವ್ರಿಗೆ ಸಣ್ಣ ಮೊತ್ತ ಕೊಡ್ತೀವಿ ಅಂದ್ರು. ಅವರ ಮನಸ್ಸು ಒಳ್ಳೇದ ಇತ್ತು. ಆದ್ರ ಮುಂದಿನ ತಿಂಗಳು ರಜಿಸ್ಟರ್ ದಪ್ಪ ಆತು, ಒಳಗಿನ ಮಾತು ಒಣಗಿ ಹೋತು. ಪುಟ ಪುಟ "ಪೇಶಂಟಿಗೆ ಎಲ್ಲಾ ತಿಳಿದದ" ಅಂತ ಒಂದ ಅಕ್ಷರದಾಗ. "ತಿಳೀಲಿಲ್ಲ" ಅನ್ನೂ ಮಾತ ಇಲ್ಲ. ಸಿಸ್ಟರ್‌ಗಳ ನಡುವ ಮುನಿಸು ಬ್ಯಾರೆ, ಹೆಚ್ಚು ಡಿಸ್ಚಾರ್ಜ್ ಇರೋ ವಾರ್ಡಿನವ್ರಿಗೆ ಎಂಟ್ರಿ ಹೆಚ್ಚು, ಐಸಿಯುದವ್ರಿಗೆ ಎಲ್ಲಿಂದ ಬರಬೇಕು? ನಗದು ನಿಲ್ಲಿಸಬೇಕಾತು. ಕೊಡಾಕ ಶುರು ಮಾಡಿದ ರೊಕ್ಕ ನಿಲ್ಲಿಸೂದು ಸರಳ ಅಲ್ಲ, ಒಂದಿಷ್ಟು ದಿನ ಗುಣುಗುಣು ನಡೀತು. ಮೇಡಂ ಎಲ್ಲಾ ವಾರ್ಡಿಗೂ ಹೋಗಿ ಯಾಕ ನಿಲ್ಲಿಸ್ತೀವಿ ಅಂತ ಮುಖಾಮುಖಿ ಹೇಳಿದ್ರು, ನೋಟಿಸ್ ಹಚ್ಚಿ ಸುಮ್ಮನಾಗ್ಲಿಲ್ಲ.

ಆಮ್ಯಾಲೆ ಕೇಳಿದ್ದು ಏನಂದ್ರ, ನಿಮಗೇನ ಬೇಕು? ಇದನ್ನ ಮೊದಲ ಕೇಳಬೇಕಿತ್ತು ಅಂತ ಎಲ್ಲಾರಿಗೂ ಅನಸ್ತು. ಸ್ಟಾಫ್ ಕೇಳಿದ್ದು ಶಾಲಲ್ಲ, ಕಪ್ಪಲ್ಲ. ಹಾಸಿಗಿ ಬಾಜೂಕ ಕೂಡಾಕ ಒಂದು ಸ್ಟೂಲ್ ಬೇಕು ಅಂದ್ರು. ಡಿಸ್ಚಾರ್ಜ್ ರಶ್ ಹೊತ್ತಿನ್ಯಾಗ ಇನ್ನೊಂದು ಕೈ ಬೇಕು ಅಂದ್ರು. ಕೈಯಾಗ ಹಿಡದು ತೋರಿಸಾಕ ಸಾಮಾನು ಬೇಕು ಅಂದ್ರು, ಖಾಲಿ ಇನ್ಸುಲಿನ್ ಬಾಟ್ಲಿ, ಎರಡೂ ಬಣ್ಣದ ಸಿರಿಂಜ್, ಔಷಧ ಇಲ್ಲದ ಇನ್ಹೇಲರ್ ಮತ್ತ ಅದಕ್ಕ ಹಚ್ಚೋ ಸ್ಪೇಸರ್ ಕೊಳವಿ, ಓಆರ್‌ಎಸ್ ಪ್ಯಾಕೆಟ್, ಒಂದು ಲೀಟರ್ ಬಾಟ್ಲಿ. ಪ್ರತಿ ವಾರ್ಡಿಗೂ ಇಂಥಾ ಒಂದು ಪೆಟ್ಟಿಗಿ ಮಾಡಿದ್ವಿ, ಖರ್ಚು ಹಾಲ್‌ನ್ಯಾಗಿನ ಸಭಾಕ್ಕ ಆದದ್ದರ ಮುಂದ ಏನೂ ಅಲ್ಲ. ಮತ್ತ ಹೇಳೂದನ್ನ ಡಿಸ್ಚಾರ್ಜ್ ದಿನಕ್ಕ ಇಟ್ಟುಕೊಳ್ಳದ, ಇನ್ಸುಲಿನ್ ಚಾಲೂ ಆದ ದಿನದಿಂದನ ಮನಿಯವ್ರ ಕೈಲಿ ಮಾಡಸೂದು ಅಂತ ಆತು, ಹಂಗಾಗಿ ಕಡೀ ದಿನದ ಅವಸರ ಅರ್ಧ ಇಳೀತು.

ಆಯಾ ಬಾಯಿ ಪ್ರಶ್ನೆ

ಇನ್ನೊಂದು ತಿರುವು ಯಾರೂ ನಿರೀಕ್ಷಾ ಮಾಡದ ಕಡಿಂದ ಬಂತು. ರಜಿಸ್ಟರಿನ್ಯಾಗ ತಾಂಡಾದ ಪೇಶಂಟ್‌ಗಳು ಹೇಳಿದ್ದು ಓದಿದ್ರ, ಹೆಣಮಕ್ಕಳ ವಾರ್ಡಿನವ್ರು ಹೇಳೂದು ಉಳಿದ ವಾರ್ಡಿಗಿಂತ ಎಷ್ಟೋ ಸ್ಪಷ್ಟ ಇರ್ತಿತ್ತು. ಯಾಕ ಅಂತ ವಿಚಾರ ಮಾಡಿದ್ರ ಅಲ್ಲಿ ಒಬ್ಬ ಆಯಾ ಇದ್ದಳು, ತಾನ ಲಂಬಾಣಿ, ಸಿಸ್ಟರ್ ಹೇಳಿ ಹ್ವಾದ ಮ್ಯಾಲೆ ಆಕಿ ಕೂತು ಅವರ ಮಾತಿನ್ಯಾಗ ಮತ್ತೊಮ್ಮೆ ಹೇಳ್ತಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ.

ಆಕಿಗೆ ಸನ್ಮಾನ ಮಾಡೂಣು ಅಂತ ವಾರ್ಡಿನ ಸಿಸ್ಟರ್‌ಗಳು ತಾವ ಆಕಿ ಹೆಸರು ಕೊಟ್ರು. ಎರಡು ಅಡ್ಡಿ ಬಂದ್ವು. ಒಬ್ಬ ಹಿರಿ ಡಾಕ್ಟ್ರು ನೇರ ಕೇಳಿದ್ರು, "ನಾಳೆ ಆಕಿ ತಾನಾಗಿ ಡೋಸ್ ಹೇಳಿದ್ರ ಯಾರ ಜವಾಬ್ದಾರಿ? ನಾವ ಸನ್ಮಾನ ಮಾಡಿ ಒಪ್ಪಿಗಿ ಕೊಟ್ಟಂಗ ಆಗೂದಿಲ್ಲೇನು?" ಇದು ಸರಿಯಾದ ಪ್ರಶ್ನೆ. ಕೆಲವ್ರು ಡಾಕ್ಟ್ರಿಗೆ ಆಯಾನ ಗೌರವ ಸಹಿಸೂದಿಲ್ಲ ಅಂತ ಮಾತಾಡ್ಕೊಂಡ್ರು, ನನಗ ಹಂಗ ಅನಸ್ಲಿಲ್ಲ, ಪೇಶಂಟ್ ಸುರಕ್ಷತಾ ದೃಷ್ಟಿಯಿಂದ ಅವರು ಕೇಳಿದ್ದು ಕೇಳಬೇಕಾದದ್ದ. ಆಚರಣಾದಾಗ ಪರಿಹಾರ ಹಿಂಗಾತು: ಆಯಾ ಒಬ್ಬಾಕಿ ಹೇಳೂ ಹಂಗಿಲ್ಲ, ಸಿಸ್ಟರ್ ಬಾಜೂಕ ಇದ್ದು ಕನ್ನಡದಾಗ ಒಂದೊಂದ ಮಾತು ಹೇಳ್ಬೇಕು, ಆಯಾ ಅದನ್ನ ಲಂಬಾಣಿಯೊಳಗ ಹೇಳ್ಬೇಕು, ಪೇಶಂಟ್ ಉತ್ರ ಮತ್ತ ಕನ್ನಡಕ್ಕ ತರಬೇಕು, ಡೋಸ್ ಬದಲಾವಣಿ ಮಾತು ಬಂದ್ರ ಡಾಕ್ಟ್ರಿಗೆ ಕರೀಬೇಕು. ರಜಿಸ್ಟರಿನ್ಯಾಗ ಇಬ್ಬರ ಹೆಸರೂ ಬರ್ಬೇಕು. ಇದರಿಂದ ಮೊದಲು ಮರೆಯೊಳಗ ನಡಿಯೋದು ಎಲ್ಲಾರ ಕಣ್ಣಮುಂದ ಬಂತು, ಅದು ಪೇಶಂಟಿಗೂ ಸುರಕ್ಷಿತ, ಆಕಿಗೂ ಸುರಕ್ಷಿತ.

ಎರಡನೇ ಅಡ್ಡಿ ಎಚ್‌ಆರ್ ಕಡಿಂದ. ಆಕಿ ಏಜೆನ್ಸಿ ಮ್ಯಾಲಿನ ಗುತ್ತಿಗಿ ಕೆಲಸದಾಕಿ, ಸ್ಟಾಫ್ ಪ್ರಶಸ್ತಿ ಗುತ್ತಿಗಿಯವ್ರಿಗೆ ಇಲ್ಲ ಅಂತ ನಿಯಮ. ಇಲ್ಲಿ ಮೇಡಂ ಭಾಳ ಗಟ್ಟಿ ನಿಂತ್ರು. ಕೆಲಸ ತೊಗೊಳ್ಳೂವಾಗ ನಮ್ಮಾಕಿ, ಹೆಸರು ಹೇಳೂವಾಗ ಏಜೆನ್ಸಿಯಾಕಿ ಅಂದ್ರ ಹ್ಯಾಂಗ ಅಂತ. ಕಡೀಕ ಡೈರೆಕ್ಟರ್ ಸಾಹೇಬ್ರು ನಿಯಮ ಬದಲಿ ಮಾಡಿದ್ರು, ಪೇಶಂಟ್ ಎಜುಕೇಶನ್‌ಗೆ ಸಂಬಂಧಪಟ್ಟ ಗೌರವಕ್ಕ ದವಾಖಾನಿಯೊಳಗ ಕೆಲಸ ಮಾಡೋ ಯಾರಾದ್ರೂ ಆಗಬಹುದು ಅಂತ. ಇದು ಆದ ಮ್ಯಾಲೆ ಫಾರ್ಮಸಿ, ಫಿಸಿಯೋ, ಡಯಾಲಿಸಿಸ್ ಎಲ್ಲಾ ಕಡಿಂದ ಹೆಸರು ಬರಾಕ ಹತ್ತಿದ್ವು. ಫಾರ್ಮಸಿ ಹುಡುಗ ಓದಾಕ ಬರದವ್ರ ಗುಳಿಗಿ ಕವರಿನ ಮ್ಯಾಲೆ ಸೂರ್ಯ, ಚಂದ್ರನ ಚಿತ್ರ ಬರದು ಕೊಡ್ತಿದ್ದ, ಅದು ಮೂರು ವರ್ಷದಿಂದ ನಡದಿತ್ತಂತ, ಯಾರೂ ಗಮನಿಸಿರ್ಲಿಲ್ಲ. ಈಗ ಅವ ಇನ್ನೊಂದು ಶುರು ಮಾಡಿದ, ಇನ್ಸುಲಿನ್ ಪೇಶಂಟ್‌ಗಳ ಫೈಲಿಗೆ ಕೆಂಪು ಟೊಪ್ಪಿಗಿ ಸಿರಿಂಜಿನ ಖಾಲಿ ಕವರ್ ಪಿನ್ ಮಾಡಿ ಕೊಡೂದು, ಊರಾಗಿನ ಅಂಗಡಿಯೊಳಗ ಇದನ್ನ ತೋರಿಸಿ ಇಂಥಾದ್ದ ಕೊಡ್ರಿ ಅಂತ ಕೇಳ್ರಿ ಅಂತ. ಇಷ್ಟ ಸಣ್ಣ ಉಪಾಯ, ಯಾವ ಪೋಸ್ಟರೂ ಮಾಡದ ಕೆಲಸ ಮಾಡ್ತು.

ಎರಡನೇ ವರ್ಷದ ವಾರ

ನವೆಂಬರ್ ಮತ್ತ ಬಂತು. ಈ ಸಲ ಹಾಲ್ ಬ್ಯಾಡ ಅಂತ ಆತು. ಶಿಫ್ಟ್ ಬದಲಾಗೂ ಹೊತ್ತಿನ್ಯಾಗ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ಒಪಿಡಿ ಮುಂದಿನ ಜಾಗಾದಾಗ ನಿಂತ ಕಾರ್ಯಕ್ರಮ. ಭಾಷಣ ಇಲ್ಲ. ರಜಿಸ್ಟರಿನಿಂದ ಪೇಶಂಟ್‌ಗಳ ಮಾತು ಓದೂದು, ಹೆಸರಿಲ್ಲದ, ಆ ಮಾತಿನ ಹಿಂದ ಯಾರ ಕೆಲಸ ಅದ ಅಂತ ಹೇಳೂದು, ಅವರು ಮುಂದ ಬರೂದು. ಪೋಸ್ಟರ್ ಮಾಡೋ ಹುಡಗ್ಯಾರನ್ನ ಬಿಟ್ಟಿರ್ಲಿಲ್ಲ, ಅವರಿಗೆ ರಜಿಸ್ಟರಿನ್ಯಾಗ ಪದೇ ಪದೇ ಬಂದ ತಪ್ಪುಗಳ ಪಟ್ಟಿ ಕೊಟ್ಟು ಅದರ ಮ್ಯಾಲೆ ಚಿತ್ರ ಮಾಡ್ರಿ ಅಂದಿದ್ವಿ, ಕೆಂಪು ಟೊಪ್ಪಿಗಿ ಚಿತ್ರ ಈಗ್ಲೂ ಫಾರ್ಮಸಿ ಕೌಂಟರಿನ ಮ್ಯಾಲೆ ಅದ. ಗೌರವ ಪತ್ರದ ಪ್ರತಿ ಸರ್ವೀಸ್ ಫೈಲಿಗೆ ಹಾಕಿ ಇನ್‌ಕ್ರಿಮೆಂಟ್ ಹೊತ್ತಿನ್ಯಾಗ ನೋಡ್ತೀವಿ ಅಂತ ಮೇಡಂ ಬರದು ಕೊಡಿಸಿದ್ರು.

ಮಾರ್ಕೆಟಿಂಗಿನವ್ರು ಪೇಶಂಟ್‌ಗಳು ಸಿಸ್ಟರನ್ನ ಹೊಗಳೋ ರೀಲ್ ಮಾಡಿ ಹಾಕೂಣು ಅಂದಿದ್ರು. ಅವರು ಆರಿಸಿದ ಮಂದಿಯೊಳಗ ಒಬ್ರು ಟಿಬಿ ಪೇಶಂಟ್. ಹಾಸಿಗಿ ಮ್ಯಾಲೆ ಮಲಗಿದ ಮನಷ್ಯಾ ದವಾಖಾನಿಯವ್ರು ಕೇಳಿದ್ರ ಬ್ಯಾಡ ಅನ್ನಾಕ ಆಗೂದಿಲ್ಲ, ಆ ಒಪ್ಪಿಗಿ ಒಪ್ಪಿಗಿ ಅಲ್ಲ ಅಂತ ಮೇಡಂ ಅದನ್ನ ನಿಲ್ಲಿಸಿದ್ರು. ಸ್ಟಾಫಿನ ಫೋಟೋ ಹಾಕಿದ್ವಿ, ಪೇಶಂಟಿಂದು ಒಂದೂ ಹಾಕ್ಲಿಲ್ಲ.

ಏನ್ ಬದಲಾತು, ಏನ್ ಆಗ್ಲಿಲ್ಲ

ಎಲ್ಲಾಕಿಂತ ಮೊದಲ ಕಂಡದ್ದು ವಾರ್ಡಿನ ಫೋನ್. ಮೊದಲು ಫೋನ್ ಬರ್ತಿದ್ದದ್ದು ಎಡವಟ್ಟಾದ ಮ್ಯಾಲೆ. ಈಗ ಮುಂಚೆ ಬರಾಕ ಹತ್ತಿದ್ವು. "ಸಿಸ್ಟರ್, ಅಂಗಡಿಯವ್ರು ಕೇಸರಿ ಟೊಪ್ಪಿಗಿದು ಕೊಟ್ಟಾರ, ವಾಪಸ್ ಕೊಡ್ಲೇನು?" ಅಂತ ಸಿಂದಗಿ ಕಡೆ ಹಳ್ಳಿಯಿಂದ ಒಬ್ಬ ಹೆಣಮಗಳು ಕೇಳಿದ ದಿನ ವಾರ್ಡಿನ್ಯಾಗ ಆದ ಸಂತೋಷ ಯಾವ ಕಪ್ಪಿನಿಂದೂ ಆಗಿರ್ಲಿಲ್ಲ. ಇನ್ನೊಬ್ಬ ಮಗ ರಾತ್ರಿ ಫೋನ್ ಮಾಡಿದ್ದ, ಅಪ್ಪ ಬೆವರಾಕತ್ತಾನ, ಕೈ ನಡುಗಾಕತ್ತಾವ, ಮೂರು ಚಮಚ ಸಕ್ಕರಿ ನೀರಿನ್ಯಾಗ ಹಾಕಿ ಕುಡಿಸೀನಿ, ಹದಿನೈದು ನಿಮಿಷ ಬಿಟ್ಟು ಮತ್ತ ಚೆಕ್ ಮಾಡ್ತೀನಿ, ಸರಿ ಅದ ಅಲ್ಲೇನು ಅಂತ. ಮಾಡೂದೆಲ್ಲಾ ಮಾಡಿ ಮುಗಿಸಿ ಖಾತ್ರಿ ಮಾಡ್ಕೊಳ್ಳಾಕ ಮಾಡಿದ ಫೋನ್. ಪ್ರಜ್ಞಾ ತಪ್ಪಿದ್ರ ಬಾಯಿಗೆ ಏನೂ ಹಾಕಬ್ಯಾಡ, 108ಕ್ಕ ಫೋನ್ ಮಾಡು ಅನ್ನೂದನ್ನೂ ಅವನ ಹೇಳಿದ.

ಪೇಶಂಟ್ ತಿರುಗಿ ಅಡ್ಮಿಟ್ ಆಗೂದು ಕಡಿಮಿ ಆತೇನು ಅಂತ ಒಂದಿಷ್ಟು ಮಂದಿ ಕೇಳ್ತಾರ. ಶುರು ಮಾಡೂ ಮುಂಚಿನ ಲೆಕ್ಕ ದವಾಖಾನಿ ಇಟ್ಟಿರ್ಲಿಲ್ಲ, ಹಂಗಾಗಿ ಹೋಲಿಸಿ ತೋರಿಸಾಕ ಆಗೂದಿಲ್ಲ. ಬ್ಯಾರೆ ಕಡೆ ಮಾಡೂದಾದ್ರ ಮೊದಲ ಮೂರ್ನಾಕು ತಿಂಗಳ ಲೆಕ್ಕ ಬರದಿಟ್ಟು ಆಮ್ಯಾಲೆ ಕೈ ಹಾಕ್ರಿ.

ಡಾಕ್ಟ್ರ ಕಡಿಂದ ಬಂದ ಬದಲಾವಣಿ ಯಾವ ಪ್ಲಾನಿನ್ಯಾಗೂ ಇರ್ಲಿಲ್ಲ. ಆಯಾ ವಿಷಯದಾಗ ಪ್ರಶ್ನೆ ಎತ್ತಿದ ಡಾಕ್ಟ್ರು ತಾವ ರೌಂಡ್ಸ್‌ನ್ಯಾಗ ಪೇಶಂಟಿನ ಮನಿಯವ್ರಿಗೆ "ಎಲ್ಲಿ, ಮಾಡಿ ತೋರಸ್ರಿ ನೋಡೂಣು" ಅನ್ನಾಕ ಶುರು ಮಾಡಿದ್ರು, ಸರಿ ಮಾಡಿದ್ರ "ಯಾರು ಕಲಿಸಿದ್ರು?" ಅಂತ ಕೇಳಿ ಆ ಸಿಸ್ಟರ್ ಕಡೆ ತಿರುಗಿ "ಛಲೋ ಕಲಿಸೀಯವ್ವಾ" ಅಂತಿದ್ರು, ಪೇಶಂಟ್ ಮುಂದನ. ಸಿಸ್ಟರ್‌ಗಳನ್ನ ಕೇಳಿದ್ರ ಎಲ್ಲಾರೂ ಹೇಳೂದು ಇದನ್ನ. ಪೇಶಂಟೂ ಮುಂದಿನ ಸಲ ಆ ಸಿಸ್ಟರ್ ಮಾತನ್ನ ಡಾಕ್ಟ್ರ ಮಾತಿನಷ್ಟ ಮನಸ್ಸುಗೊಟ್ಟು ಕೇಳ್ತಾರ. ಸ್ಟಾಫನ್ನ ಹುರಿದುಂಬಿಸಬೇಕಂದ್ರ ನಾನು ಮೊದಲ ಕನ್ಸಲ್ಟಂಟ್ ಡಾಕ್ಟ್ರ ಜೋಡಿ ಮಾತಾಡ್ರಿ ಅಂತೀನಿ, ಬಜೆಟ್ ಆಮ್ಯಾಲೆ.

ಆಗದ್ದೂ ಅದ. ಸರ್ಜರಿ ವಾರ್ಡ್ ಭಾಳ ದಿನ ಸೇರ್ಲೇ ಇಲ್ಲ. ಒಪಿಡಿಯೊಳಗ ರಜಿಸ್ಟರ್ ನಡೀಲಿಲ್ಲ, ಆ ಗದ್ದಲದಾಗ ತಿರುಗಿ ಹೇಳ್ಸಾಕ ಜಾಗಾನೂ ಇಲ್ಲ ಹೊತ್ತೂ ಇಲ್ಲ. ಹುರುಪಿನಿಂದ ಕಲಿಸ್ತಿದ್ದ ಸಣ್ಣ ವಯಸ್ಸಿನ ಸಿಸ್ಟರ್‌ಗಳು ಸರ್ಕಾರಿ ನೌಕರಿ ಹತ್ತಿತು ಅಂತ, ಮದವಿ ಆತು ಅಂತ ಬಿಟ್ಟು ಹೋಗ್ತಾರ, ಹೊಸಬ್ರಿಗೆ ಮತ್ತ ಮೊದಲಿಂದ. ಅದಕ್ಕ ಈಗ ಹೊಸಬ್ರ ಇಂಡಕ್ಷನ್ ಒಳಗ ಮೊದಲ್ನೇ ವಾರ ರಜಿಸ್ಟರ್ ಓದಸೂದು ಇಟ್ಟಾರ, ಪೇಶಂಟ್‌ಗಳ ತಪ್ಪು ಮಾತು ಓದಿದ್ರ ಏನ್ ಹೇಳ್ಬೇಕು ಅನ್ನೂದು ತಾನ ಗೊತ್ತಾಗ್ತದ.

ಸದ್ಯ ಚರ್ಚಾ ನಡದದ್ದು ಉಪವಾಸದ ಕಾಲಂ ಬಗ್ಗೆ. ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ರೋಜಾ ಹಿಡಿಯೋ ಪೇಶಂಟ್‌ಗಳು ನಾವು ಬೈತೀವಿ ಅಂತ ಹೇಳೂದಿಲ್ಲ, ಗುಳಿಗಿ ಸೂಜಿ ತಾವ ಹೆಚ್ಚುಕಡಿಮಿ ಮಾಡ್ಕೊಂಡು ಸಕ್ಕರಿ ಇಳಿಸ್ಕೊಂಡು ಬರ್ತಾರ. "ಯಾವ ಉಪವಾಸ ಮಾಡ್ತೀರಿ?" ಅಂತ ಮೊದಲ ನಾವ ಕೇಳಿ, ಡಾಕ್ಟ್ರ ಕಡಿಂದ ಆ ದಿನದ ಡೋಸ್ ಬರಸ್ಕೊಂಡು ಕೊಡೂದು ಅಂತ ಫಾರ್ಮಿಗೆ ಸೇರಿಸಬೇಕು ಅನ್ನೂದು ಮೆಡಿಕಲ್ ವಾರ್ಡಿನ ಆ ಹಿರಿ ಸಿಸ್ಟರ್ ಸಲಹಾ. ಫಿಜಿಶಿಯನ್ ಡಾಕ್ಟ್ರು ಒಪ್ಯಾರ, ಉರ್ದು ಮತ್ತ ಮರಾಠಿಯೊಳಗ ಅದನ್ನ ಹ್ಯಾಂಗ ಕೇಳ್ಬೇಕು ಅಂತ ಬರಿಯೂ ಕೆಲಸ ಈಗ ಲ್ಯಾಬಿನ ಇಬ್ಬರು ಟೆಕ್ನಿಶಿಯನ್‌ಗಳ ಕೈಯಾಗ ಅದ.